ಕಿಡ್ನಿ ತೊಳೆಯೋಕೆ ಏನು ಕುಡಿಯಲಿ?

ಕಿಡ್ನಿ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ಹೋದ ಹಾಗೆ ನಗು ಬಂತು. ಮುಕ್ಕಾಲು ಪಾಲು ಜನ ಕೇಳಿರುವುದು ಒಂದೇ. ಏನು ಕುಡಿಯಬೇಕು? ಎಷ್ಟು ನೀರು, ಯಾವ ಜ್ಯೂಸು, ಯಾವ ಕಷಾಯ. ಮಾತ್ರೆ ಬಗ್ಗೆ ಕೇಳಿದವರು ಒಬ್ಬರೇ, ಅದೂ ಪತ್ರ ಮುಗಿಸಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ. ಕ್ಲಿನಿಕ್ಕಿನಲ್ಲಿ ನಾನು ನೋಡುವುದು ಇದರ ಉಲ್ಟಾ. ಬರೀ ನೀರು ಕಮ್ಮಿ ಕುಡಿದು ಕಿಡ್ನಿ ಕಳೆದುಕೊಂಡವರು ನನ್ನ ಹತ್ತಿರ ಬರುವುದು ಅಪರೂಪ. ಬಿಪಿ, ಶುಗರ್ ಎಷ್ಟಿದೆ ಅಂತ ವರ್ಷಗಟ್ಟಲೆ ನೋಡದೆ, ನೋವು ಬಂದಾಗೆಲ್ಲ ಸಿಕ್ಕ ಮಾತ್ರೆ ನುಂಗಿಕೊಂಡು ಬಂದವರೇ ಜಾಸ್ತಿ. ಹಾಗಾಗಿ ಈ ಸಲದ ಉತ್ತರಗಳು ಕುಡಿಯುವುದಕ್ಕಿಂತ ನುಂಗುವುದರ ಕಡೆಗೆ ಸ್ವಲ್ಪ ವಾಲಿದರೆ ಬೇಜಾರು ಮಾಡಿಕೊಳ್ಳಬೇಡಿ.

ಡಾಕ್ಟ್ರೇ, ದಿನಕ್ಕೆ ಐದು ಲೀಟರ್ ನೀರು ಕುಡಿದರೆ ಕಿಡ್ನಿ ಕ್ಲೀನಾಗಿರುತ್ತೆ ಅಂತ ಗೆಳೆಯ ಹೇಳಿದ. ಮೂರು ವಾರದಿಂದ ಕುಡೀತಿದೀನಿ. ರಾತ್ರಿ ಮೂರು ಸಲ ಏಳಬೇಕು, ನಿದ್ದೆಯೇ ಇಲ್ಲ. ಮುಂದುವರಿಸಲಾ?

ಬೇಡ. ಇವತ್ತಿಂದಲೇ ನಿಲ್ಲಿಸಿ, ಚೆನ್ನಾಗಿ ನಿದ್ದೆ ಮಾಡಿ.

ನಿಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಮೈಯಲ್ಲಿರುವ ರಕ್ತವೇ ಐದು ಲೀಟರಿನ ಆಸುಪಾಸು, ಇಷ್ಟು ಎಲ್ಲಿಂದ ಬಂತು ಅಂತೀರಾ? ಅದೇ ನೀರು ದಿನವಿಡೀ ಮತ್ತೆ ಮತ್ತೆ ಬಂದು ಸೋಸಿಕೊಂಡು ಹೋಗುತ್ತದೆ. ಸೋಸಿದ್ದರಲ್ಲಿ ನೂರಕ್ಕೆ 99 ಪಾಲನ್ನು ಕಿಡ್ನಿ ವಾಪಸ್ ಹೀರಿಕೊಂಡು, ಒಂದೂವರೆ ಲೀಟರಿನಷ್ಟು ಮಾತ್ರ ಹೊರಗೆ ಬಿಡುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ಅಂಗಕ್ಕೆ ನೀವು ಮೇಲಿಂದ ಮೂರು ಲೀಟರ್ ಸುರಿದರೆ ಅದೇನೂ ತೊಳೆದುಕೊಂಡು ಹೊಳೆಯುವುದಿಲ್ಲ. ಬೇಡದ ನೀರನ್ನು ನಿಮ್ಮ ಬಚ್ಚಲಿಗೆ ದಾಟಿಸುತ್ತದೆ, ಅಷ್ಟೇ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಕೆನಡಾದಲ್ಲಿ, ಆಗಲೇ ಕಿಡ್ನಿ ಅರ್ಧದಷ್ಟು ಕುಂದಿದ್ದ 631 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜಾಸ್ತಿ ನೀರು ಕುಡಿಯಲು ಒತ್ತಾಯ ಮಾಡುತ್ತಾ ಒಂದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಾಗಂತ ನೀರೇ ಬೇಡ ಅಂತಲ್ಲ. ಬಾಯಾರಿದಾಗ ಕುಡಿಯಿರಿ. ಮೂತ್ರ ತಿಳಿ ಹಳದಿ, ಅಂದರೆ ಒಣ ಹುಲ್ಲಿನ ಬಣ್ಣ ಇದ್ದರೆ ಸಾಕು. ಗಾಢ ಹಳದಿ ಆದರೆ ಒಂದೆರಡು ಲೋಟ ಜಾಸ್ತಿ ಬೇಕು ಅಂತ ಅರ್ಥ. (ಬಿ ವಿಟಮಿನ್ ಮಾತ್ರೆ ತಗೊಂಡ ದಿನ ಈ ಲೆಕ್ಕ ಹಿಡಿಯಬೇಡಿ, ಅವತ್ತು ಹೇಗೂ ಹಳದಿ.) ಬಿಸಿಲಲ್ಲಿ ಮೈಮುರಿದು ದುಡಿಯುವವರ ಕತೆ ಬೇರೆ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಶುಗರ್ ಇಲ್ಲದ, ಬಿಪಿ ಇಲ್ಲದ, ಗಟ್ಟಿಮುಟ್ಟಾದ ಯುವಕರಿಗೇ ಕಿಡ್ನಿ ಕಾಯಿಲೆ ಬರುತ್ತಿದೆ. ಬಿಸಿಲು ಮತ್ತು ಬಿಡುವಿಲ್ಲದ ದುಡಿಮೆ ಅದಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿವೆ ಅಂತ ತಜ್ಞರು ಹೇಳುತ್ತಾರೆ. ಅಲ್ಲಿ ನೀರಿನ ಜೊತೆಗೆ ನೆರಳು ಮತ್ತು ವಿಶ್ರಾಂತಿಯನ್ನೂ ಸೇರಿಸಿಯೇ ಸಲಹೆ ಕೊಡುವುದು. ಇನ್ನು ಹೃದಯ ದುರ್ಬಲ ಇರುವವರು, ಕಾಲು ಊದಿರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ತಮ್ಮ ಡಾಕ್ಟರ್ ಹೇಳಿದ ಅಳತೆ ಮೀರಲೇಬಾರದು. ಅವರಿಗೆ ಐದು ಲೀಟರ್ ಅಂದರೆ ಅಪಾಯ.

ಒಂದು ಮಾತು. ನೀರು ಕಮ್ಮಿ ಮಾಡಿದ ಮೇಲೂ ರಾತ್ರಿ ಎರಡು ಮೂರು ಸಲ ಏಳುತ್ತಿದ್ದರೆ ನನಗೆ ಬರೆಯಬೇಡಿ, ಶುಗರ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ.

ಕಿಡ್ನಿ ಡಿಟಾಕ್ಸ್ ಜ್ಯೂಸ್ ಅಂತ ಬರುತ್ತಲ್ಲ, ಒಳ್ಳೇದಾ?

ಅದರ ಕಂಪನಿಗೆ ಒಳ್ಳೆಯದು. ವಿಷ ತೆಗೆಯುವ ಕೆಲಸವನ್ನೇ ಕಿಡ್ನಿ ಮಾಡುತ್ತಿರುವಾಗ ಅದರ ವಿಷ ತೆಗೆಯೋಕೆ ಇನ್ನೊಂದು ಯಾಕೆ? ಸೊಪ್ಪು ಸದೆ ರುಬ್ಬಿದ ಗಟ್ಟಿ ಹಸಿರು ಜ್ಯೂಸನ್ನು ವಾರಗಟ್ಟಲೆ ಕುಡಿದು, ಸೊಪ್ಪಿನಲ್ಲಿ ಸಹಜವಾಗಿಯೇ ಇರುವ ಆಕ್ಸಲೇಟ್ ಅನ್ನುವ ಅಂಶ ಕಿಡ್ನಿಯೊಳಗೆ ಹರಳುಗಟ್ಟಿ, ಇದ್ದ ಕಿಡ್ನಿಯನ್ನೂ ಕೆಡಿಸಿಕೊಂಡವರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳಿವೆ. ಸೊಪ್ಪನ್ನು ಬೇಯಿಸಿ ಊಟದ ಜೊತೆ ತಿನ್ನಿ, ಸಾಕು.

ನಮ್ಮತ್ತೆಗೆ 66 ವರ್ಷ. ಬಿಪಿ ಇದೆ, ಕಾಲು ಊದುತ್ತೆ ಅಂತ ಮೂತ್ರ ಹೋಗೋ ಮಾತ್ರೆನೂ ಕೊಟ್ಟಿದಾರೆ. ಕಿಡ್ನಿಗೆ ಯಾವ ಆಹಾರ ಕೊಡಬೇಕು ತಿಳಿಸಿ ಮೇಡಂ. (ಹಾಂ, ಮಂಡಿ ನೋವಿಗೆ ಅಂಗಡಿಯಿಂದ ಒಂದು ಮಾತ್ರೆ ತರಿಸ್ಕೊಂಡು ದಿನಾ ತಗೋತಾರೆ. ಅದರಿಂದ ಏನೂ ಆಗಲ್ಲ ಅಲ್ವಾ?)

ಬ್ರಾಕೆಟ್ಟಿನೊಳಗಿನದೇ ನಿಮ್ಮ ಪ್ರಶ್ನೆ ತಾಯಿ. ಆಹಾರ ಆಮೇಲೆ ನೋಡೋಣ.

ಆಗುತ್ತದೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ನಿಮ್ಮತ್ತೆಗೆ ನೀವೇ ಹೇಳಿ ಒಪ್ಪಿಸಬಹುದು. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಒಂದೊಂದರಲ್ಲೂ ದಾರದುಂಡೆಯ ಹಾಗೆ ಸುತ್ತಿಕೊಂಡ ಸಣ್ಣ ರಕ್ತನಾಳದ ಗಂಟು. ಅದಕ್ಕೆ ರಕ್ತ ಬರುವ ಕೊಳವೆ ಒಂದು, ಹೋಗುವ ಕೊಳವೆ ಒಂದು. ಒಳಗೆ ಒತ್ತಡ ಸರಿಯಾಗಿ ಇದ್ದರೆ ಮಾತ್ರ ಸೋಸುವ ಕೆಲಸ ನಡೆಯುತ್ತದೆ. ಮೈಯಲ್ಲಿ ನೀರು ಕಮ್ಮಿಯಾದಾಗ ಕಿಡ್ನಿ ತಾನೇ ಒಂದು ಉಪಾಯ ಮಾಡುತ್ತದೆ, ಬರುವ ಕೊಳವೆಯನ್ನು ಅಗಲ ಮಾಡಿ, ಹೋಗುವ ಕೊಳವೆಯನ್ನು ಬಿಗಿ ಮಾಡಿ, ಹೇಗೋ ಒತ್ತಡ ಉಳಿಸಿಕೊಳ್ಳುತ್ತದೆ.

ಈಗ ನಿಮ್ಮತ್ತೆಯ ಮೂರು ಮಾತ್ರೆ ನೋಡಿ. ಮೂತ್ರ ಹೋಗುವ ಮಾತ್ರೆ ಮೈಯ ನೀರನ್ನು ಕಮ್ಮಿ ಮಾಡುತ್ತದೆ. ಬಿಪಿ ಮಾತ್ರೆಯ ಹೆಸರು ನೀವು ಬರೆದಿಲ್ಲ. ಅದು ರಾಮಿಪ್ರಿಲ್, ಎನಾಲಾಪ್ರಿಲ್, ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಜಾತಿಯದಾಗಿದ್ದರೆ ಹೋಗುವ ಕೊಳವೆಯನ್ನು ಬಿಗಿಯಾಗಲು ಬಿಡುವುದಿಲ್ಲ. ಈ ಎರಡೂ ಡಾಕ್ಟರ್ ಲೆಕ್ಕ ಹಾಕಿಯೇ ಕೊಟ್ಟಿರುವ ಔಷಧಿ, ಅವು ಬೇಕು. ಮಂಡಿ ನೋವಿನ ಮಾತ್ರೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ತರಹದ್ದಾದರೆ ಅದು ಬರುವ ಕೊಳವೆಯನ್ನೇ ಕಿರಿದು ಮಾಡಿಬಿಡುತ್ತದೆ. ಮೂರೂ ಸೇರಿದರೆ ಕಿಡ್ನಿಗೆ ಉಪಾಯವೇ ಉಳಿಯುವುದಿಲ್ಲ. ಮಾಮೂಲಿ ದಿನ ಹೇಗೋ ನಡೆದುಹೋಗುತ್ತದೆ. ಒಂದು ದಿನ ನಾಲ್ಕು ಸಲ ಭೇದಿ ಆಯಿತು, ವಾಂತಿ ಆಯಿತು, ಊಟ ಸೇರಲಿಲ್ಲ, ಆದರೂ ಮಾತ್ರೆ ತಪ್ಪಿಸಬಾರದು ಅಂತ ಮೂರೂ ನುಂಗಿದರು ಅಂದುಕೊಳ್ಳಿ. ಮೂರನೇ ದಿನಕ್ಕೆ ಮೂತ್ರ ಕಮ್ಮಿಯಾಗಿ, ಮುಖ ಊದಿಕೊಂಡು ಆಸ್ಪತ್ರೆಗೆ ಬರುತ್ತಾರೆ. ಇಂಥವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬೇಗ ಬಂದರೆ ಬಹಳಷ್ಟು ಜನ ಸುಧಾರಿಸುತ್ತಾರೆ. ಎಲ್ಲರೂ ಅಲ್ಲ.

ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳುವುದು, ಮಾತ್ರೆ ಡಬ್ಬಿ ತನ್ನಿ ಅಂತ. ಹೆಸರು ಬರೆದುಕೊಂಡು ಬರಬೇಡಿ, ಡಬ್ಬಿಯನ್ನೇ ತನ್ನಿ. ಮೇಜಿನ ಮೇಲೆ ಸುರಿದರೆ ಚೀಟಿಯಲ್ಲಿ ಬರೆದಿಲ್ಲದ ಎರಡು ಪಟ್ಟಿ ಯಾವಾಗಲೂ ಉದುರುತ್ತವೆ. ಅರ್ಧ ಖಾಲಿಯಾದ, ಮೂಲೆ ಕತ್ತರಿಸಿ ಹೆಸರೇ ಹೋಗಿರುವ ಬೆಳ್ಳಿ ಪಟ್ಟಿ. "ಅದಾ? ಅದು ಸುಮ್ನೆ, ನೋವಿಗೆ." ಆ ಸುಮ್ನೆಯೇ ನನಗೆ ಬೇಕಾಗಿರುವುದು.

ಹಾಗಾದರೆ ಮಂಡಿ ನೋವಿಗೆ ಏನು? ಹೇಳಿದ ಪ್ರಮಾಣ ಮೀರದಿದ್ದರೆ ಪ್ಯಾರಾಸಿಟಮಾಲ್ ಕಿಡ್ನಿಗೆ ಇವುಗಳಿಗಿಂತ ಎಷ್ಟೋ ಹಗುರ. ಮೇಲೆ ಹಚ್ಚುವ ಮುಲಾಮು, ಬಿಸಿ ಶಾಖ, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಇವೆ. ಭೇದಿ ವಾಂತಿ ಆದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ತಗೋಬೇಕು ಅಂತ ಈಗಲೇ ಡಾಕ್ಟರನ್ನು ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಆ ಡಬ್ಬಿಯಲ್ಲೇ ಇಟ್ಟುಬಿಡಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಅಮ್ಮನಿಗೆ 70 ವರ್ಷ, ಸಣಕಲು. ಕ್ರಿಯಾಟಿನಿನ್ 1.2. ನನಗೆ 25, ನನ್ನದೂ 1.2. ಇಬ್ಬರದ್ದೂ ನಾರ್ಮಲ್ ಅಂತ ಲ್ಯಾಬಲ್ಲಿ ಹೇಳಿದ್ರು. ನೆಮ್ಮದಿಯಾಗಿ ಇರಬಹುದಾ ಸರ್?

ನಾನು ಸರ್ ಅಲ್ಲ, ಮೇಡಂ. ಇರಲಿ.

ನೀವು ನೆಮ್ಮದಿಯಾಗಿ ಇರಬಹುದು. ಅಮ್ಮನದ್ದು ಇನ್ನೊಮ್ಮೆ ನೋಡಬೇಕು. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ. ಸ್ನಾಯು ಜಾಸ್ತಿ ಇದ್ದವರಲ್ಲಿ ಕಸ ಜಾಸ್ತಿ, ಸಣಕಲು ಇದ್ದವರಲ್ಲಿ ಕಮ್ಮಿ. ಕಸ ಕಮ್ಮಿ ಹುಟ್ಟುವ ಮೈಯಲ್ಲೂ 1.2 ಉಳಿದಿದೆ ಅಂದರೆ ಹೊರಗೆ ಹಾಕುವ ಕೆಲಸ ನಿಧಾನ ಆಗಿದೆ ಅಂತ ತಾನೇ? ಅದಕ್ಕೇ ಬರೀ ಕ್ರಿಯಾಟಿನಿನ್ ನೋಡದೆ ವಯಸ್ಸು, ಹೆಣ್ಣು ಗಂಡು ಸೇರಿಸಿ, ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ಸೋಸುತ್ತಿದೆ ಅಂತ ಅಂದಾಜು ಮಾಡುವ ಇಜಿಎಫ್‌ಆರ್ ಅಂತ ಒಂದು ಲೆಕ್ಕ ಹಾಕುತ್ತಾರೆ. 2021ರ ಸೂತ್ರದಲ್ಲಿ ಹಾಕಿದರೆ ನಿಮ್ಮದು (ಗಂಡು ಅಂದುಕೊಂಡಿದ್ದೇನೆ) ಸುಮಾರು 86 ಬರುತ್ತದೆ. ಅಮ್ಮನದ್ದು ಸುಮಾರು 49. ಅದೇ 1.2, ನೋಡಿ.

60ಕ್ಕಿಂತ ಕಮ್ಮಿ ಮೂರು ತಿಂಗಳು ಮುಂದುವರಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ಒಂದೇ ಸಲ ಬಂದ ಸಂಖ್ಯೆ ನೋಡಿ ಹೆದರಬೇಡಿ. ಹಿಂದಿನ ರಾತ್ರಿ ಮಾಂಸದೂಟ ಆಗಿದ್ದರೂ, ನೀರು ಕಮ್ಮಿ ಆಗಿದ್ದರೂ ಸ್ವಲ್ಪ ಏರುಪೇರಾಗುತ್ತದೆ. ಮತ್ತೆ ಮಾಡಿಸಿ, ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೊಟೀನ್ ಎಷ್ಟು ಹೋಗುತ್ತಿದೆ ಅಂತಲೂ ನೋಡಿಸಿ. ಎಸಿಆರ್ ಅಂತ ಕೇಳಿದರೆ ಲ್ಯಾಬಿನವರಿಗೆ ಗೊತ್ತಾಗುತ್ತದೆ. 30ರ ಒಳಗಿದ್ದರೆ ಸರಿ. ಈ ಎರಡನೇ ಪರೀಕ್ಷೆಯನ್ನೇ ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಸಿಟ್ಟು. ಕ್ರಿಯಾಟಿನಿನ್ ಕಣ್ಣಿಗೆ ಕಾಣುವಷ್ಟು ಏರುವ ಹೊತ್ತಿಗೆ ಕಿಡ್ನಿಯ ಅರ್ಧ ಶಕ್ತಿ ಹೋಗಿರಬಹುದು. ಆಲ್ಬುಮಿನ್ ಎಷ್ಟೋ ಜನರಲ್ಲಿ ಅದಕ್ಕಿಂತ ವರ್ಷಗಳ ಮುಂಚೆಯೇ ಸೋರಲು ಶುರುವಾಗುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಸುಮಾರು 200 ವರ್ಷದ ಹಿಂದೆ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಅನ್ನುವ ಡಾಕ್ಟರು ರೋಗಿಯ ಮೂತ್ರವನ್ನು ಒಂದು ಚಮಚದಲ್ಲಿ ಹಾಕಿ ಮೇಣದ ಬತ್ತಿಯ ಮೇಲೆ ಹಿಡಿದು ನೋಡುತ್ತಿದ್ದರು. ಮೊಟ್ಟೆಯ ಬಿಳಿ ಭಾಗ ಬಾಣಲೆಯಲ್ಲಿ ಗಟ್ಟಿಯಾಗುತ್ತಲ್ಲ, ಹಾಗೆ ಬೆಳ್ಳಗೆ ಹೆಪ್ಪುಗಟ್ಟಿದರೆ ಆಲ್ಬುಮಿನ್ ಇದೆ ಅಂತ. 1827ರಲ್ಲೇ ಅದನ್ನೆಲ್ಲ ಬರೆದು ಪ್ರಕಟಿಸಿದರು. ನಿಮಗೆ ಚಮಚವೂ ಬೇಡ, ಬತ್ತಿಯೂ ಬೇಡ, ಬೆಳಗಿನ ಮೊದಲ ಮೂತ್ರವನ್ನು ಒಂದು ಸಣ್ಣ ಡಬ್ಬಿಯಲ್ಲಿ ಕೊಟ್ಟರೆ ಆಯಿತು. ಮೂತ್ರದಲ್ಲಿ ನೊರೆ ಎದ್ದು, ಎಷ್ಟು ಹೊತ್ತಾದರೂ ಇಳಿಯದೆ ನಿಂತಿದ್ದರೆ ಅವತ್ತೇ ಕೊಡಿ. ಶುಗರ್ ಅಥವಾ ಬಿಪಿ ಇರುವವರು ನೊರೆಗೆ ಕಾಯಬೇಡಿ, ವರ್ಷಕ್ಕೊಮ್ಮೆ ಎರಡೂ ಪರೀಕ್ಷೆ ಮಾಡಿಸಿ.

ಬಿಪಿ ಮಾತ್ರೆ ಶುರು ಮಾಡಿದ ಮೇಲೇ ಅಪ್ಪನ ಕ್ರಿಯಾಟಿನಿನ್ ಸ್ವಲ್ಪ ಏರಿತು. ಮಾತ್ರೆಯಿಂದಲೇ ಕಿಡ್ನಿ ಹೋಗುತ್ತೆ ಅಂತ ಅವರು ನಿಲ್ಲಿಸಿಬಿಟ್ಟಿದಾರೆ. ಏನು ಮಾಡೋದು?

ಮೊದಲು ಡಾಕ್ಟರಿಗೆ ಫೋನ್ ಮಾಡಿ. ಈ ಭಯ ಬಹಳ ಜನರಿಗಿದೆ. ಮೇಲೆ ಹೇಳಿದ ಪ್ರಿಲ್, ಸಾರ್ಟಾನ್ ಜಾತಿಯ ಮಾತ್ರೆ ಶುರು ಮಾಡಿದಾಗ ಕಿಡ್ನಿಯ ಒಳಗಿನ ಒತ್ತಡ ಇಳಿಯುತ್ತದೆ. ಅದರಿಂದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ನೂರಕ್ಕೆ 30ರವರೆಗೆ ಏರಿ ಅಲ್ಲೇ ನಿಂತರೆ ಸಾಮಾನ್ಯವಾಗಿ ಡಾಕ್ಟರು ಮುಂದುವರಿಸುತ್ತಾರೆ. ಆ ಒತ್ತಡ ಇಳಿಯಲಿ ಅಂತಲೇ ಕೊಟ್ಟಿದ್ದು, ವರ್ಷಗಟ್ಟಲೆ ಕಿಡ್ನಿಯನ್ನು ಸವೆಸುವುದು ಅದೇ ತಾನೇ. ಅದಕ್ಕಿಂತ ಜಾಸ್ತಿ ಏರಿದರೆ, ಪೊಟ್ಯಾಸಿಯಂ ಏರಿದರೆ, ಡಾಕ್ಟರೇ ಬದಲಾಯಿಸುತ್ತಾರೆ. ಅಪ್ಪ ತಾವಾಗಿಯೇ ನಿಲ್ಲಿಸಿದರೆ ಬಿಪಿ ಮತ್ತೆ ಮೇಲೆ ಹೋಗುತ್ತದೆ, ಆ ಬಿಪಿ ತಿನ್ನುವುದು ಕಿಡ್ನಿಯನ್ನೇ.

ಮನೆಯಲ್ಲಿ ಬಿಪಿ ಮಷಿನ್ ಇದ್ದರೆ ಸರಿಯಾಗಿ ನೋಡುವುದನ್ನು ಕಲಿಯಿರಿ. ಬಹಳ ಜನ ಮೆಟ್ಟಿಲು ಹತ್ತಿ ಬಂದವರೇ ತೋಳಿಗೆ ಪಟ್ಟಿ ಸುತ್ತಿಕೊಂಡು, ಪಕ್ಕದವರ ಜೊತೆ ಮಾತಾಡುತ್ತಾ ಬಟನ್ ಒತ್ತುತ್ತಾರೆ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಕಿಡ್ನಿ ಉಳಿಯಬೇಕಾದರೆ 130/80ರ ಒಳಗಿದ್ದರೆ ಹೆಚ್ಚಿನವರಿಗೆ ಒಳ್ಳೆಯದು, ವಯಸ್ಸಾದವರಿಗೆ ಎಷ್ಟು ಅಂತ ಅವರ ಡಾಕ್ಟರೇ ಹೇಳಬೇಕು.

ಉಪ್ಪು ಕಮ್ಮಿ ಮಾಡಿ ಅಂತಾರೆ. ನಾನು ಸೋಡಿಯಂ ಕಮ್ಮಿ ಇರೋ ಉಪ್ಪು ತಂದಿದೀನಿ. ಇನ್ನು ಎಷ್ಟು ಹಾಕಿದರೂ ಪರವಾಗಿಲ್ಲ ಅಲ್ವಾ?

ಅಯ್ಯೋ, ಹಾಗಲ್ಲ. ಅದರಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಸಾಮಾನ್ಯವಾಗಿ ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಗಟ್ಟಿ ಇರುವವರಿಗೆ ಅದು ಒಳ್ಳೆಯದೇ. ಕಿಡ್ನಿ ಕುಂದಿದವರಿಗೆ, ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ತಗೊಳ್ಳುವವರಿಗೆ ಮಾತ್ರ ಅಪಾಯ. ಪೊಟ್ಯಾಸಿಯಂ ಮೈಯಲ್ಲಿ ಉಳಿದರೆ ಹೃದಯದ ಬಡಿತವೇ ತಪ್ಪಬಹುದು. ಇಂಥ ಮಾತ್ರೆ ತಗೊಳ್ಳುತ್ತಿದ್ದರೆ ಪ್ಯಾಕೆಟ್ ಒಡೆಯುವ ಮುಂಚೆ ಡಾಕ್ಟರನ್ನು ಕೇಳಿ.

ಮಾಮೂಲಿ ಉಪ್ಪಾದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ, ಅಂದರೆ ಒಂದು ಟೀ ಚಮಚದ ಒಳಗೆ. ಅಡುಗೆಯ ಉಪ್ಪಷ್ಟೇ ಅಲ್ಲ, ಬ್ರೆಡ್ಡು, ಬಿಸ್ಕತ್ತು, ಚಿಪ್ಸು, ಸಾಸು, ಪ್ಯಾಕೆಟ್ ಸೂಪು ಎಲ್ಲ ಸೇರಿ. ಎರಡು ಮೂರು ವಾರ ಸಪ್ಪೆ ಅನ್ನಿಸುತ್ತದೆ, ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ. ಮೊದಲು ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಎತ್ತಿಡಿ.

ಸೊಂಟ ನೋವು. ಕಿಡ್ನಿ ಹೋಯ್ತಾ?

ಬಹುಶಃ ಇಲ್ಲ. ಕಿಡ್ನಿ ಇರುವುದು ಸೊಂಟದಲ್ಲಲ್ಲ, ಬೆನ್ನಿನ ಹಿಂದೆ ಕೆಳಗಿನ ಪಕ್ಕೆಲುಬುಗಳ ಮಟ್ಟದಲ್ಲಿ. ಬಗ್ಗಿದಾಗ, ಎದ್ದಾಗ ಜಾಸ್ತಿಯಾಗುವ ನೋವು ಸಾಮಾನ್ಯವಾಗಿ ಸ್ನಾಯುವಿನದ್ದು. ಕಿಡ್ನಿ ನಿಧಾನವಾಗಿ ಕೆಡುವಾಗ ನೋವೇ ಇರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಚಳಿ ಜ್ವರ ಇದ್ದರೆ, ಮೂತ್ರ ಉರಿದರೆ, ರಕ್ತ ಬಂದರೆ ಮಾತ್ರ ತಡ ಮಾಡದೆ ಹೋಗಿ. ದಯವಿಟ್ಟು ಈ ಸೊಂಟ ನೋವಿಗೆ ದಿನಾ ಮಾತ್ರೆ ನುಂಗಿ, ಇಲ್ಲದ ಕಿಡ್ನಿ ಕಾಯಿಲೆ ತಂದುಕೊಳ್ಳಬೇಡಿ.

ಕಿಡ್ನಿಯಲ್ಲಿ ಕಲ್ಲಾಗಿತ್ತು, ತೆಗೆಸಿದೆ. ಕ್ಯಾಲ್ಸಿಯಂ ಕಲ್ಲು ಅಂದರು. ಅವತ್ತಿಂದ ಹಾಲು ಮೊಸರು ಮುಟ್ಟಿಲ್ಲ. ಸರಿ ತಾನೇ?

ಸರಿಯಲ್ಲ, ಪಾಪ ಸುಮ್ಮನೆ ಮೊಸರು ಬಿಟ್ಟಿರಿ! ಬಹಳ ಕಲ್ಲುಗಳು ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಆಗುತ್ತವೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಆಕ್ಸಲೇಟನ್ನು ಹೊಟ್ಟೆಯೊಳಗೇ ಹಿಡಿದುಕೊಂಡು ಮಲದ ಜೊತೆ ಹೋಗುತ್ತದೆ. ಹಾಲು ಮೊಸರು ಬಿಟ್ಟರೆ ಆಕ್ಸಲೇಟ್ ಆರಾಮಾಗಿ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. ಹಾಗಾಗಿ ಊಟದ ಜೊತೆ ಮೊಸರು ತಿನ್ನಿ. ಉಪ್ಪು ಕಮ್ಮಿ ಮಾಡಿ, ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ. ಮತ್ತೆ ನೋಡಿ, ನೀರಿನ ಮಾತು ನಿಮಗೆ ನಿಜವಾಗಿಯೂ ಅನ್ವಯಿಸುತ್ತದೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ನಿಂಬೆಹಣ್ಣು ಹಿಂಡಿಕೊಂಡರೆ ಅದರ ಸಿಟ್ರೇಟ್ ಕಲ್ಲುಗಟ್ಟುವುದನ್ನು ಸ್ವಲ್ಪ ತಡೆಯುತ್ತದೆ, ಉಪ್ಪು ಸಕ್ಕರೆ ಹಾಕದಿದ್ದರೆ ಇನ್ನೂ ಒಳ್ಳೆಯದು.

ನಾನು ಡ್ರೈವರ್. ಎಲ್ಲೂ ನಿಲ್ಲಿಸೋಕೆ ಆಗಲ್ಲ ಅಂತ ಮೂತ್ರ ತಡ್ಕೋತೀನಿ. ಕಿಡ್ನಿ ಹಾಳಾಗುತ್ತಾ?

ಅಪರೂಪಕ್ಕೊಮ್ಮೆ ತಡೆದುಕೊಂಡರೆ ಆಗುವುದಿಲ್ಲ. ತುಂಬುವುದು ಮೂತ್ರಕೋಶ, ಅದಕ್ಕೆ 400-500 ಮಿಲಿ ಹಿಡಿಯುವ ಶಕ್ತಿ ಇದೆ. ದಿನಾ ಅದೇ ಅಭ್ಯಾಸವಾದರೆ ಸೋಂಕು ಬರಬಹುದು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನೀವು ಬರೆಯದೇ ಬಿಟ್ಟ ವಿಷಯದ್ದು. ನಿಲ್ಲಿಸೋಕೆ ಆಗಲ್ಲ ಅಂತ ನೀರನ್ನೇ ಕುಡಿಯದೆ, ಬೆನ್ನು ನೋವಿಗೆ ಮಾತ್ರೆ ನುಂಗಿ, ನಿದ್ದೆ ತಡೆಯಲು ಸಿಗರೇಟು ಸೇದುತ್ತಾ ಓಡಿಸುತ್ತಿಲ್ಲ ತಾನೇ? ಹಾಗಿದ್ದರೆ ಮೂರನ್ನೂ ಬಿಡಿ. ಸಿಗರೇಟು ಕಿಡ್ನಿಗೆ ರಕ್ತ ಒಯ್ಯುವ ನಾಳಗಳನ್ನೂ ಕೆಡಿಸುತ್ತದೆ, ಶ್ವಾಸಕೋಶ ಒಂದೇ ಅಲ್ಲ.

ಹೋದ ವರ್ಷ ನಮ್ಮಣ್ಣನಿಗೆ ಒಂದು ಕಿಡ್ನಿ ಕೊಟ್ಟೆ. ಇಬ್ಬರೂ ಚೆನ್ನಾಗಿದೀವಿ. ಉಳಿದ ಒಂದನ್ನ ಹೇಗೆ ನೋಡ್ಕೋಬೇಕು ಅಕ್ಕಾ?

ಅಕ್ಕ ಅಂದಿದ್ದೀಯ, ಅಕ್ಕನ ಹಾಗೇ ಹೇಳುತ್ತೇನೆ. ಒಂದು ಕೊಟ್ಟ ಮೇಲೆ ಉಳಿದದ್ದು ಸ್ವಲ್ಪ ದೊಡ್ಡದಾಗುತ್ತದೆ, ಮುಂಚೆ ಎರಡೂ ಸೇರಿ ಮಾಡುತ್ತಿದ್ದ ಕೆಲಸದ ನೂರಕ್ಕೆ 70ರಷ್ಟನ್ನು ಒಂದೇ ಮಾಡುತ್ತದೆ. ಹಾಗಾಗಿ ನಿನ್ನ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಮೊದಲಿಗಿಂತ ಸ್ವಲ್ಪ ಜಾಸ್ತಿ ಕಾಣಿಸಿದರೆ ಗಾಬರಿಯಾಗಬೇಡ. ವಿಶೇಷ ಪಥ್ಯ ಏನೂ ಬೇಡ. ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಮೂರನ್ನೂ ನೋಡಿಸು. ತೂಕ ಏರಲು ಬಿಡಬೇಡ. ಪ್ರೊಟೀನ್ ಪುಡಿ ಬೇಡ.

ನಿನ್ನ ಫೈಲಿನ ಮೇಲೆ, ಪರ್ಸಿನಲ್ಲಿರುವ ಒಂದು ಚೀಟಿಯಲ್ಲೂ, ದಪ್ಪ ಅಕ್ಷರದಲ್ಲಿ "ಒಂದೇ ಕಿಡ್ನಿ" ಅಂತ ಬರೆದಿಡು. ಹಲ್ಲು ಕೀಳಿಸೋಕೆ ಹೋದರೂ, ಕಾಲು ಉಳುಕಿ ಹೋದರೂ, ಡೈ ಹಾಕಿ ಸ್ಕ್ಯಾನ್ ಮಾಡುತ್ತೇವೆ ಅಂದರೂ ಮೊದಲು ಅದನ್ನು ತೋರಿಸಿ ಆಮೇಲೆ ಮಾತು. ಹಲ್ಲಿನ ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಎರಡನೇ ಹೆಸರು ಬಹಳ ಸಲ ನೋವಿನ ಮಾತ್ರೆಯದ್ದೇ ಇರುತ್ತದೆ, ಬೇರೆ ಏನಾದರೂ ಕೊಡಿ ಅಂತ ಕೇಳು. ಅಣ್ಣನಿಗೂ ಇದನ್ನೇ ಹೇಳು, ಅವನದ್ದೂ ಈಗ ಅದೇ ಲೆಕ್ಕ ತಾನೇ.